ಬಾರ್ ಹೊಸದಾಗಲಿ, ಗಿರಾಕಿಗಳು ಹಳಬರೇ ಇರಲಿ

ಹಳೇ ಬಾರನ್ನು ರಿನೋವೇಟ್ ಮಾಡಿದ್ದಾರೆ ಅಂದರೆ ನನಗೆ ಮೊದಲು ಭಯವಾಗುತ್ತದೆ. ಓದುವ ಕಾಲದಲ್ಲಿ ನಾವು ಹೋಗುತ್ತಿದ್ದ ಬೆಂಗಳೂರಿನ ಒಂದು ಬಾರ್ ಹಾಗೇ ಕೈತಪ್ಪಿತು. ಹೆಸರು ಅದೇ ಇದೆ. ಮರದ ಬೆಂಚು ಹೋಗಿ ಸೋಫಾ ಬಂತು. ಈರುಳ್ಳಿ, ಖಾರ ಹಾಕಿದ ಕಡಲೆಬೀಜ ಹೋಗಿ ನಾಚೋಸ್ ಬಂತು. ಬಿಲ್ಲು ಎಲ್ಲಿಂದೆಲ್ಲಿಗೋ ಏರಿತು. ದಿನಾ ಸಂಜೆ ಬಂದು, ಒಂದೇ ಪೆಗ್ ಕುಡಿದು, ಪೇಪರ್ ಮಡಚಿಕೊಂಡು ಮನೆಗೆ ಹೊರಡುತ್ತಿದ್ದ ರಿಟೈರ್ಡ್ ಮೇಷ್ಟ್ರುಗಳು ಈಗ ಅಲ್ಲಿಲ್ಲ. ಹಳೇ ಬಾರಿನ ಫೋಟೋಗೆ ಮಾತ್ರ ಫ್ರೇಮ್ ಹಾಕಿ ಗೋಡೆಗೆ ಹೊಡೆದಿದ್ದಾರೆ.

ರಿಪೇರಿಯಾದರೂ ಹಳಬರನ್ನು ಬಿಟ್ಟುಕೊಡದ ಬಾರ್ ಒಂದು ಗೋವಾದಲ್ಲಿದೆ. ಅದಕ್ಕೇ ಪಣಜಿಯ ಆ ಜೋಸೆಫ್ ಬಾರ್ ಬಗ್ಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಪಣಜಿಯ ಹಳೇ ಬಡಾವಣೆ ಫೊಂತೈನ್ಹಾಸ್ ಪಕ್ಕದ ಸಾವೊ ತೊಮೆ ಓಣಿಗಳಲ್ಲಿದೆ ಇದು. ಪೋರ್ಚುಗೀಸರು 1843ರಲ್ಲಿ ಪಣಜಿಯನ್ನು ರಾಜಧಾನಿ ಮಾಡಿದರು. ಆ ಕಾಲದ ನೆನಪು ಈ ಬೀದಿಗಳಲ್ಲಿ ಇನ್ನೂ ಇದೆ. ಹಳದಿ, ನೀಲಿ ಗೋಡೆ, ಹೆಂಚಿನ ಮಾಡು, ಬೀದಿಗೆ ಚಾಚಿದ ಪುಟ್ಟ ಬಾಲ್ಕನಿ. ಜೋಸೆಫ್ ಬಾರ್ ಇಲ್ಲಿನವರ ಹಳೇ ತಾವೆರ್ನಾ, ಅಂದರೆ ಓಣಿಯ ಪುಟ್ಟ ಬಾರ್. ಕೈ ಬದಲಾಯಿತು, ರಿಪೇರಿ ಆಯಿತು. ಹೆಸರು ಬದಲಾಗಲಿಲ್ಲ. ಅದಕ್ಕಿಂತ ಮುಖ್ಯ, ಅಳತೆ ಬದಲಾಗಲಿಲ್ಲ. ಒಳಗೆ ಒಂದಿಷ್ಟು ಜನ ಸೇರಿದರೆ ಜಾಗ ಮುಗಿಯಿತು. ಉಳಿದವರು ಗ್ಲಾಸ್ ಹಿಡಿದು ಹೊರಗೆ ಓಣಿಯಲ್ಲಿ ನಿಲ್ಲುತ್ತಾರೆ.

ಇಲ್ಲಿ ಕಾಕ್‌ಟೇಲ್ ಅಂದರೆ ಉದ್ದ ಮೆನು, ಹೊಗೆ, ಹೂವು ಅಲ್ಲ. ಫೆನಿ ಮತ್ತು ಕೋಕಂ ಸೇರಿಸಿ ಮಾಡುವ ತಾಂಬ್ಡೆ ರೋಸಾ ಇಲ್ಲಿ ಹೆಸರುವಾಸಿ. ಕೋಕಂ ಅಂದರೆ ನಮ್ಮ ಮುರುಗಲು. ಬಿಸಿಲಿಗೆ ಅಮ್ಮ ಮಾಡಿಕೊಡುತ್ತಿದ್ದ ಅದೇ ಹುಳಿ, ಅದೇ ಕೆಂಪು. ಬೇಸಿಗೆಯಾದರೆ ಊರಾಕ್ ಕೇಳಬೇಕು. ಗೇರುಹಣ್ಣಿನ ರಸ ಹುಳಿ ಬಂದ ಮೇಲೆ ಮೊದಲ ಸಲ ಭಟ್ಟಿ ಇಳಿಸಿದರೆ ಊರಾಕ್, ಅದನ್ನೇ ಮತ್ತೊಮ್ಮೆ ಇಳಿಸಿದರೆ ಫೆನಿ. ಹುಡುಗ ಹಸಿಮೆಣಸನ್ನು ಉದ್ದಕ್ಕೆ ಸೀಳಿದ. ಗ್ಲಾಸಿಗೆ ಹಾಕಿ, ನಿಂಬೆ ಹಿಂಡಿ, ಚಿಟಿಕೆ ಉಪ್ಪು ಉದುರಿಸಿ, ಊರಾಕ್ ಸುರಿದು ಮೇಲೆ ಲಿಮ್ಕಾ ತುಂಬಿದ. ಮೊದಲ ಗುಟುಕಿಗೇ ಗೇರುಹಣ್ಣಿನ ಘಾಟು ಮೂಗಿಗೆ ಹೊಡೆಯಿತು. ಎರಡನೆಯದಕ್ಕೆ ಖಾರ ನಾಲಿಗೆಗೆ ಹತ್ತಿತು. ಇದನ್ನು ಕುಡಿಯಲು ದುಬಾರಿ ಗ್ಲಾಸ್ ಯಾಕೆ ಬೇಕು ಹೇಳಿ?

ಹೊಟ್ಟೆ ಉರಿಯುವುದು ಇಲ್ಲೇ. ಗೋವಾದವರು ಗೇರು ಫೆನಿಗೆ 2009ರಲ್ಲೇ ಜಿಐ ಟ್ಯಾಗ್, ಅಂದರೆ ಇದು ನಮ್ಮೂರಿನದ್ದೇ ಎನ್ನುವ ಸರ್ಕಾರಿ ಗುರುತು, ತಗೊಂಡರು. ನಮ್ಮ ಕರಾವಳಿಯಲ್ಲೂ ಅದೇ ಮರ, ಅದೇ ಹಣ್ಣು. ನಾವು ಬೀಜ ತಿರುವಿಕೊಂಡು ಹಣ್ಣನ್ನು ಬಹುಪಾಲು ಮರದ ಬುಡದಲ್ಲೇ ಕೊಳೆಯಲು ಬಿಡುತ್ತೇವೆ.

ನನ್ನ ಮನಸ್ಸು ಗೆದ್ದಿದ್ದು ಮಾತ್ರ ಕುಡಿತವಲ್ಲ. ನಾನಿದ್ದಾಗ ಮನೆ ಚಪ್ಪಲಿಯಲ್ಲೇ ಒಬ್ಬ ಅಜ್ಜ ಬಂದರು. ಏನೂ ಕೇಳಲಿಲ್ಲ. ಹುಡುಗ "ಅಂಕಲ್" ಎನ್ನುತ್ತಾ ಅವರ ಗ್ಲಾಸ್ ಮುಂದಿಟ್ಟ. ನಮ್ಮಂಥ ಪ್ರವಾಸಿಗರು ಸರಿದು ಅವರಿಗೆ ಜಾಗ ಕೊಟ್ಟೆವು. ಕೊಂಕಣಿಯಲ್ಲಿ ಓಣಿಯ ಸುದ್ದಿ ಮಾತಾಡಿ, ಗ್ಲಾಸ್ ಖಾಲಿ ಮಾಡಿ ಹೊರಟರು. ರಿನೋವೇಶನ್ ಸರಿಯಾಯಿತೋ ಇಲ್ಲವೋ ನೋಡಲು ನನಗೆ ಇಷ್ಟು ಸಾಕು. ಅಜ್ಜನಿಗೆ ಅಲ್ಲಿ ಬಂದು ನಿಲ್ಲಲು ಸಂಕೋಚ ಆಗಬಾರದು. ಅವರ ಜೇಬಿಗೆ ಅದು ಭಾರವೂ ಆಗಬಾರದು. ಬಣ್ಣ, ಬೆಳಕು, ಹಳೇ ಪೋಸ್ಟರ್ ಎಲ್ಲ ಆಮೇಲಿನ ಮಾತು. ಬೆಂಗಳೂರಿನಲ್ಲಿ ಹಳೇ ಜಾಗಗಳಿಗೆ ದುಡ್ಡು ಹಾಕುವವರು ಒಮ್ಮೆ ಇಲ್ಲಿ ಬಂದು ಸುಮ್ನೆ ಒಂದು ಸಂಜೆ ಕಳೆಯಬೇಕು. ಆರ್ಕಿಟೆಕ್ಟ್‌ನ ಕರೆಯುವ ಮೊದಲು ದಿನಾ ಬರುವ ಗಿರಾಕಿಗಳ ಜೊತೆ ಕೂತು ಮಾತಾಡಬೇಕು.

ಹೋಗುವವರಿಗೆ ಒಂದು ಮಾತು. ಸುತ್ತಮುತ್ತ ಮನೆಗಳಿವೆ, ಮಕ್ಕಳು ಓದುತ್ತಿರುತ್ತಾರೆ. ದನಿ ತಗ್ಗಿಸಿ ಮಾತಾಡಿ. ಕಂಡವರ ಮನೆ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ, ಅಲ್ಲಿನವರು ಇದರಿಂದ ಬೇಸತ್ತಿದ್ದಾರೆ. ಊರಾಕ್ ಬೇಕಿದ್ದರೆ ಮಾರ್ಚ್‌ನಿಂದ ಮೇ ಒಳಗೆ ಹೋಗಿ. ಕಾರವಾರದ ಕಡೆಯವರು ಗಾಡಿ ಮನೆಯಲ್ಲೇ ಬಿಡಿ, ಬಸ್ಸಿದೆ. ಪಣಜಿಯ ಕದಂಬ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹೊಳೆ ದಾಟಿದರೆ ನಡೆದೇ ಹೋಗಬಹುದು.