ಎಲ್ಲ ಮಾತ್ರೆಗೂ ಡಯಾಲಿಸಿಸ್ ಮದ್ದಲ್ಲ

"ಡಯಾಲಿಸಿಸ್ ಮಾಡಿಬಿಡಿ ಸಾರ್, ರಕ್ತ ಕ್ಲೀನ್ ಆಗ್ಲಿ." ಮಾತ್ರೆ ಜಾಸ್ತಿ ನುಂಗಿದವರನ್ನು ಎಮರ್ಜೆನ್ಸಿಗೆ ಕರೆತರುವ ಮನೆಯವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ. ಬೇಡ ಅಂದರೆ ನಮ್ಮ ಮೇಲೇ ಅನುಮಾನ. ಮಿಷನ್ ಇಲ್ಲ ಅಂದರಂತೂ ಆಂಬುಲೆನ್ಸ್ ಹತ್ತಿಸಿ ದೊಡ್ಡ ಊರಿಗೆ ಹೊರಟೇಬಿಡುತ್ತಾರೆ. ನನಗೆ ಭಯ ಆ ದಾರಿಯದ್ದೇ.

ಅಮಿಟ್ರಿಪ್ಟಿಲಿನ್‌ನಂಥ ಹಳೇ ಕಾಲದ ಖಿನ್ನತೆಯ ಮಾತ್ರೆಗಳು ರಕ್ತದಲ್ಲಿ ನಿಲ್ಲುವುದಿಲ್ಲ. ಕೊಬ್ಬು, ಮಾಂಸಖಂಡ, ಮಿದುಳು, ಹೃದಯ ಅಂತ ಒಳಗೆ ಇಳಿದುಬಿಡುತ್ತವೆ. ರಕ್ತದಲ್ಲಿ ಉಳಿದ ಚೂರುಪಾರಿನಲ್ಲೂ ಶೇ. 90ಕ್ಕಿಂತ ಹೆಚ್ಚು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಡಯಾಲಿಸಿಸ್ ಫಿಲ್ಟರಿನ ತೂತಲ್ಲಿ ಆ ಪ್ರೋಟೀನ್ ತೂರಲ್ಲ. ಉಪ್ಪಿನಕಾಯಿ ಭರಣಿಯ ರಸ ಬಸಿದರೆ ಹೋಳುಗಳ ಒಳಗಿನ ಉಪ್ಪು ಹೋಗುತ್ತಾ? ಎಕ್ಸ್‌ಟ್ರಿಪ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2014ರಲ್ಲೇ ಈ ಗುಂಪಿನ ಮಾತ್ರೆಗಳಿಗೆ ಡಯಾಲಿಸಿಸ್ ಬೇಡ ಎಂದಿದೆ.

ಹಾಗಾದ್ರೆ ಏನು ಮಾಡ್ತೀರಿ ಅಂತೀರಾ? ಬಿಡದೆ ಇಸಿಜಿ ನೋಡುತ್ತೇವೆ. ಅದರ ಗೆರೆ ಅಗಲವಾಗತೊಡಗಿದರೆ ಹೃದಯಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಆಗ ಸೋಡಿಯಂ ಬೈಕಾರ್ಬನೇಟ್ ಇಂಜೆಕ್ಷನ್. ತೀರಾ ಅಗ್ಗದ ಔಷಧ. ಅದು ನರಕ್ಕೆ ಹೋಗುತ್ತಿದ್ದಂತೆ ಮಾನಿಟರ್ ಮೇಲೆ ಗೆರೆ ಮತ್ತೆ ಕಿರಿದಾಗುವುದನ್ನು ಕಣ್ಣಾರೆ ನೋಡಬಹುದು. (ಅಡುಗೆ ಸೋಡಾನೂ ಇದೇ ಅಲ್ವಾ ಅಂತ ಮನೇಲಿ ಕಲಸಿ ಕುಡಿಸುವ ಸಾಹಸ ಬೇಡ, ಮಾರಾಯ್ರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ.) ಉಸಿರು ಸೋತರೆ ವೆಂಟಿಲೇಟರ್. ಚೆನ್ನಾಗಿ ಮಾತಾಡುತ್ತಿದ್ದವರು ಒಂದೆರಡು ಗಂಟೆಯಲ್ಲೇ ಎಚ್ಚರ ತಪ್ಪಬಹುದು. ಅದಕ್ಕೇ ಮೊದಲು ಹತ್ತಿರದ ಆಸ್ಪತ್ರೆ. ಮುಂದೆ ಕಳಿಸಬೇಕೋ ಬೇಡವೋ ಅನ್ನುವುದನ್ನು ಅಲ್ಲಿನ ಡಾಕ್ಟರ್ ಹೇಳಲಿ.

ಲಿಥಿಯಂ ಕತೆ ಬೇರೆ. ಬೈಪೋಲಾರ್ ಕಾಯಿಲೆಗೆ ಕೊಡುವ ಇದು ಪ್ರೋಟೀನಿಗೆ ಅಂಟಲ್ಲ, ಫಿಲ್ಟರಿನಲ್ಲಿ ಸಲೀಸಾಗಿ ಹೊರಬರುತ್ತದೆ. ಹಾಗಾಗಿ ಪರಿಸ್ಥಿತಿ ಗಂಭೀರವಾಗಿದ್ದರೆ ಡಯಾಲಿಸಿಸ್ ಮಾಡಲೇಬೇಕು. ಆದರೂ ಮುಗಿದ ಮೇಲೆ ಜೀವಕೋಶಗಳಲ್ಲಿ ಅಡಗಿದ್ದು ರಕ್ತಕ್ಕೆ ಮರಳುತ್ತದೆ. ಇನ್ನೊಂದು ಸುತ್ತು ಬೇಕಾಗಬಹುದು.

ಅಂದರೆ ಯಾವ ಮಾತ್ರೆ ಅಂತ ನಮಗೆ ಗೊತ್ತಾಗಬೇಕು. ಅಲ್ಲೇ ಕೈ ಕೊಡುತ್ತಾರೆ ಜನ! ಪೊಲೀಸ್ ಕೇಸಿಗೆ ಹೆದರಿ ಖಾಲಿ ಸ್ಟ್ರಿಪ್ ಬಿಸಾಕಿ, "ಫುಡ್ ಪಾಯ್ಸನ್" ಅನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಸಾಯಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ, ಶಿಕ್ಷೆಗೆ ಎಳೆಯುವುದಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಲು ಇಡುವ ಮೆಡಿಕೋ-ಲೀಗಲ್ ದಾಖಲೆ) ಬರೆದುಕೊಂಡರೆ ಗಾಬರಿ ಬೇಡ. ಸ್ಟ್ರಿಪ್ ತನ್ನಿ, ಎಷ್ಟು ಹೊತ್ತಿಗೆ ನುಂಗಿದ್ದು ಅಂತ ನಿಜ ಹೇಳಿ.

ಇದನ್ನು ಓದುತ್ತಿರುವ ನಿಮಗೇ ಬದುಕು ಸಾಕು ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಇಲ್ಲ.