ಮಾರುವುದೂ ಇಲ್ಲ, ಹಂಚಲೂ ಬಿಡುವುದಿಲ್ಲ!

ಹಳೇ ವಿಡಿಯೋ ಗೇಮ್‌ಗಳನ್ನು ಕಾಪಿ ಮಾಡಿ ಹಂಚುವುದು ತಪ್ಪಾ? ಕಾನೂನು ಕೇಳಿದರೆ ಹೌದು, ತಪ್ಪೇ. ‘ಅಬಾಂಡನ್‌ವೇರ್’ (ಕಂಪನಿ ಕೈಬಿಟ್ಟ ಸಾಫ್ಟ್‌ವೇರ್) ಅಂತ ಹೆಸರಿಟ್ಟು ಎಷ್ಟೋ ಜನ ಹಂಚುತ್ತಾರೆ, ಆದರೆ ಕೋರ್ಟಿನಲ್ಲಿ ಆ ಹೆಸರು ನಡೆಯುವುದಿಲ್ಲ. ಕಂಪನಿ ಮಾರಾಟ ನಿಲ್ಲಿಸಿದರೂ ಕಾಪಿರೈಟ್ ಉಳಿದಿರುತ್ತದೆ. ಕಂಪನಿಯೇ ಮುಚ್ಚಿದರೂ ಹಕ್ಕು ಸಾಮಾನ್ಯವಾಗಿ ಇನ್ಯಾರದೋ ಕೈ ಸೇರಿರುತ್ತದೆ. ಅಮೆರಿಕದಲ್ಲಿ ಕಂಪನಿ ಮಾಡಿಸಿದ ಗೇಮ್‌ಗೆ ಬಿಡುಗಡೆಯಾದಾಗಿನಿಂದ 95 ವರ್ಷ ಕಾಪಿರೈಟ್, ಅಂದ್ರೆ 1985ರ ಗೇಮ್ ಎಲ್ಲರದ್ದಾಗುವುದು 2081ಕ್ಕೆ. ಅಲ್ಲಿಯವರೆಗೆ ಅದರ ಫ್ಲಾಪಿ ಉಳಿದಿರುತ್ತಾ?

ನನಗೆ ಸಿಟ್ಟು ಬರುವುದು ಇಲ್ಲೇ. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ದುಡ್ಡು ಕೊಡುತ್ತೇನೆ ಅಂದರೂ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತು. 2000ದಲ್ಲಿ ಬಂದ ‘ನೋ ಒನ್ ಲಿವ್ಸ್ ಫಾರೆವರ್’ ಕಥೆ ಇನ್ನೂ ಬೇಜಾರಿನದು. ನೈಟ್‌ಡೈವ್ ಅನ್ನೋ ಕಂಪನಿ ಅದನ್ನು ಮತ್ತೆ ಮಾರಲು ಮುಂದೆ ಬಂತು, ಆದರೆ ಹಕ್ಕು ಯಾರ ಹತ್ತಿರ ಇದೆ ಅನ್ನುವುದು ದೊಡ್ಡ ದೊಡ್ಡ ಕಂಪನಿಗಳ ನಡುವೆಯೇ ಇತ್ಯರ್ಥವಾಗದೆ ಕೆಲಸ ನಿಂತುಹೋಯಿತು. ಇಂಥ ಗೇಮನ್ನು ಯಾರೋ ಕಾಪಿ ಮಾಡಿಕೊಂಡರೆ ನಷ್ಟ ಯಾರಿಗೆ ಹೇಳಿ?

ಮಾರಾಟದಲ್ಲಿರುವ ಗೇಮ್ ವಿಷಯ ಬೇರೆ. ರೀಮೇಕ್ ಬಂದಿದ್ದರೆ, ಗಾಗ್‌ನಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಹಳೆಯದೇ ಸಿಗುತ್ತಿದ್ದರೆ ಕೊಂಡೇ ಆಡಬೇಕು, ಅದರಲ್ಲಿ ಎರಡು ಮಾತಿಲ್ಲ. ಜಾಹೀರಾತು ಹಾಕಿ ದುಡ್ಡು ಮಾಡುವ ಡೌನ್‌ಲೋಡ್ ಸೈಟ್‌ಗಳ ಪರವಾಗಿಯೂ ನಾನಿಲ್ಲ. 2018ರಲ್ಲಿ ನಿಂಟೆಂಡೊ ಅಂಥ ಸೈಟ್ ನಡೆಸುತ್ತಿದ್ದವರ ಮೇಲೆ ಕೇಸ್ ಹಾಕಿದ್ದು, ಅವರ ವಿರುದ್ಧ 1.2 ಕೋಟಿ ಡಾಲರ್‌ಗೂ ಜಾಸ್ತಿ ಮೊತ್ತದ ತೀರ್ಪು ಬಂದಿದ್ದು ಗೊತ್ತಿರಬಹುದು.

ಆದರೆ ಲೈಬ್ರರಿಗಳು ಏನು ಮಾಡಿದ್ದವು? ಮಾರಾಟದಲ್ಲಿ ಇಲ್ಲದ ಗೇಮ್‌ಗಳನ್ನು ಸಂಶೋಧಕರಿಗೆ ಲೈಬ್ರರಿಗೆ ಬಾರದೆ ಆನ್‌ಲೈನ್‌ನಲ್ಲೇ ನೋಡಲು ಬಿಡಿ ಅಂತ ಕೇಳಿದ್ದವು ಅಷ್ಟೇ. ಗೇಮ್ ಕಂಪನಿಗಳ ಸಂಘ ವಿರೋಧಿಸಿತು, 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಆಗಲ್ಲ ಅಂದುಬಿಟ್ಟಿತು. ಪುಸ್ತಕವನ್ನು ಮನೆಗೆ ಒಯ್ಯಬಹುದು, ಗೇಮನ್ನು ಮಾತ್ರ ಲೈಬ್ರರಿ ಕಟ್ಟಡಕ್ಕೇ ಹೋಗಿ ನೋಡಬೇಕು!

ನನ್ನ ಪ್ರಕಾರ ನಿಯಮ ಸರಳವಾಗಿರಬೇಕು. ಹತ್ತು ವರ್ಷ ಯಾರೂ ಮಾರದ ಗೇಮನ್ನು ಲಾಭವಿಲ್ಲದೆ ಹಂಚಲು ಅವಕಾಶ ಕೊಡಿ. ಹಕ್ಕುದಾರರು ಮತ್ತೆ ಮಾರಾಟಕ್ಕೆ ತಂದ ದಿನವೇ ಹಂಚುವುದು ನಿಲ್ಲಲಿ.