ಗೋಡೆಗೂ ಬಾಡಿಗೆ ಕೊಟ್ಟಿದ್ದೇವೆ, ಒಂದು ಮೊಳೆ ಹೊಡೆಯಲು ಬಿಡಿ

ಇವತ್ತು ಬೆಳಿಗ್ಗೆ ಕಷಾಯಕ್ಕೆ ಅಂತ ಕುಟ್ಟಾಣಿಯಲ್ಲಿ ಶುಂಠಿ ಜಜ್ಜುತ್ತಿದ್ದೆ. ಕೆಳಗಿನ ಮನೆಯಿಂದ ಓನರ್ ಓಡಿ ಬಂದರು. ಬಾಗಿಲು ತೆಗೆದ ಕೂಡಲೇ "ಮೊಳೆ ಹೊಡೀತಿದೀರಾ ಮೇಡಂ?" ಅಂತ ಕೇಳಿದರು. ಕೈಯಲ್ಲಿದ್ದ ಕುಟ್ಟಾಣಿ ತೋರಿಸಿದೆ. ಆದರೂ ಒಳಗೆ ಬಂದರು. ಗೋಡೆಯ ಮೇಲೆ ಅಂಗೈ ಸವರಿಕೊಂಡು ಈ ತುದಿಯಿಂದ ಆ ತುದಿಗೆ ನಡೆದರು. ಬಾಗಿಲ ಹಿಂದೆ ಇಣುಕಿದರು. "ಹೊಸ ಪೇಂಟು, ಅದಕ್ಕೆ ಕೇಳಿದೆ" ಅಂದು ಇಳಿದು ಹೋದರು. ಆಗಿನಿಂದ ತಲೆ ಕಾದು ಕೂತಿದ್ದೇನೆ. ಬರೆಯದೆ ಸಮಾಧಾನ ಇಲ್ಲ.

ನಾವು ಬೆಂಗಳೂರಿನ ಬನಶಂಕರಿಯ ಮನೆ ಖಾಲಿ ಮಾಡಿ ಉತ್ತರಹಳ್ಳಿ ಕಡೆ ಈ ಬಾಡಿಗೆ ಮನೆಗೆ ಬಂದಿದ್ದೇವೆ. ಹಾಲು ಉಕ್ಕಿಸಿದ್ದಾಯಿತು. ಅಡುಗೆಮನೆ ಡಬ್ಬಗಳು ತಮ್ಮ ತಮ್ಮ ಜಾಗ ಸೇರಿದವು. ಬಟ್ಟೆಗಳು ವಾರ್ಡ್‌ರೋಬ್‌ ಒಳಗೆ ಹೋದವು. ನೆಲದ ಮೇಲೆ, ಶೆಲ್ಫಿನ ಮೇಲೆ ಇಡಬಹುದಾದದ್ದನ್ನೆಲ್ಲ ಇಟ್ಟಾಗಿದೆ. ಗೋಡೆಗೆ ಹಾಕುವಂಥದ್ದು ಮಾತ್ರ ಹಾಗೇ ಉಳಿದಿದೆ. ಗಡಿಯಾರ, ಕನ್ನಡಿ, ದೇವರ ಫೋಟೋಗಳು, ಅಪ್ಪನ ಫೋಟೋ, ಬಾಗಿಲಿಗೆ ಕಟ್ಟುವ ತೋರಣ, ಸೊಳ್ಳೆ ಪರದೆ. ಅಪ್ಪನ ಫೋಟೋ ಒಂದನ್ನು ಬಿಟ್ಟು ಎಲ್ಲ ರದ್ದಿ ಪೇಪರ್ ಸುತ್ತಿಕೊಂಡು ಮಂಚದ ಪಕ್ಕದ ರಟ್ಟಿನ ಡಬ್ಬದಲ್ಲಿ ಇವೆ. ಯಾಕೆಂದರೆ ಅಗ್ರಿಮೆಂಟಿನಲ್ಲಿ ಬರೆದಿದ್ದಾರೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಮಾಡುವಂತಿಲ್ಲ, ಟೇಪ್ ಕೂಡ ಅಂಟಿಸುವಂತಿಲ್ಲ.

ಟೇಪ್ ಕೂಡ! ಮಗಳ ಸ್ಕೂಲಿನ ಟೈಮ್‌ಟೇಬಲ್ ಎಲ್ಲಿ ಅಂಟಿಸಬೇಕು?

ಕ್ಯಾಲೆಂಡರ್ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಮನೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇಲ್ಲದೆ ಹೊಸ ವರ್ಷ ಬರುವುದಿಲ್ಲ. 1921ರಿಂದ ಬರುತ್ತಿರುವ ಕ್ಯಾಲೆಂಡರ್ ಅದು. ತಿಥಿ, ನಕ್ಷತ್ರ, ರಾಹುಕಾಲ, ಏಕಾದಶಿ, ಸರ್ಕಾರಿ ರಜೆ, ಎಲ್ಲ ಒಂದೇ ಹಾಳೆಯಲ್ಲಿ ಇರುತ್ತದೆ. ಅದು ಇರೋದೇ ಮೊಳೆಗೆ ನೇತು ಹಾಕೋಕೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಅಮ್ಮನ ಬಿಪಿ ಮಾತ್ರೆ ಮುಗಿಯುವ ದಿನ, ಎಲ್ಲವನ್ನೂ ನಾನು ಅದರ ಮೇಲೇ ಬರೆಯೋದು. ಈಗ ಅದನ್ನು ಸುರುಳಿ ಸುತ್ತಿ ಫ್ರಿಜ್ ಮೇಲೆ ಇಟ್ಟಿದ್ದೇನೆ. ಬೇಕಾದಾಗಲೆಲ್ಲ ಬಿಚ್ಚಿ, ನೋಡಿ, ಮತ್ತೆ ಸುತ್ತಿ ಇಡಬೇಕು. ಬಾಡಿಗೆ ಕೊಟ್ಟು ಇರುವ ಮನೆಯಲ್ಲಿ ಇವತ್ತು ಯಾವ ತಿಥಿ ಅಂತ ತಲೆ ಎತ್ತಿ ನೋಡುವ ಹಾಗಿಲ್ಲ.

"ಅಂಟಿಸೋ ಹುಕ್ ತಗೊಳ್ಳಿ" ಅಂತ ದಯವಿಟ್ಟು ಹೇಳಬೇಡಿ. ಟೈಲ್ಸ್ ಮೇಲೆ, ಗಾಜಿನ ಮೇಲೆ ಅದು ಚೆನ್ನಾಗಿಯೇ ನಿಲ್ಲುತ್ತದೆ. ಪೇಂಟ್ ಮಾಡಿದ ಗೋಡೆಯ ಮೇಲೆ ಹಾಗಲ್ಲ. ಹಿಂದಿನ ಮನೆಯಲ್ಲಿ ಕನ್ನಡಿಗೆ ಹಾಕಿದ್ದ ಹುಕ್ ಮಳೆಗಾಲದ ತೇವಕ್ಕೆ ಕಿತ್ತುಕೊಂಡು ಬಿತ್ತು. ಬರುವಾಗ ಅಂಗೈ ಅಗಲದ ಪೇಂಟು, ಅದರ ಹಿಂದಿನ ಪುಟ್ಟಿ ಎಲ್ಲ ಎಳೆದುಕೊಂಡೇ ಬಂತು. ಮೊಳೆ ಹೊಡೆದಿದ್ದರೆ ಕಡಲೆಕಾಳಿನಷ್ಟು ತೂತು ಆಗುತ್ತಿತ್ತು, ಅಷ್ಟೇ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ, ನನ್ನ ಸಿಟ್ಟಿನ ಬೇರು ಇರೋದು ಅಲ್ಲೇ. ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಬಾಡಿಗೆಯನ್ನು ಅಡ್ವಾನ್ಸ್ ಅಂತ ಮೊದಲೇ ಕೊಡುತ್ತೇವೆ. ಹತ್ತು ತಿಂಗಳದ್ದು ಕೇಳುವವರೂ ಇದ್ದಾರೆ. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಮೊಳೆ ಹೊಡೆದರೂ ಹಿಡಿಯುತ್ತಾರೆ, ಹೊಡೆಯದಿದ್ದರೂ ಹಿಡಿಯುತ್ತಾರೆ. ಗೋಡೆಗೆ ಕೈ ತಾಗಿಸದೆ ಬಾಳಿದವರಿಗೂ ಅದೇ ಲೆಕ್ಕ. ಹಾಗಿದ್ದ ಮೇಲೆ ಆ ಹಣ ಯಾವುದಕ್ಕೆ? ಗೋಡೆ ಸರಿ ಮಾಡಿಸೋದಕ್ಕೆ ತಾನೇ? ಸರಿ ಮಾಡಿಸುವ ಖರ್ಚನ್ನು ನಮ್ಮಿಂದ ತೆಗೆದುಕೊಂಡು, ಬಳಸುವ ಹಕ್ಕನ್ನು ಮಾತ್ರ ಕೊಡುವುದಿಲ್ಲ ಅಂದರೆ ಇದು ಯಾವ ನ್ಯಾಯ?

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳಬಾರದು ಅಂತ ಅದರಲ್ಲಿದೆ. ಯಾವ ರಿಪೇರಿ ಯಾರ ಪಾಲಿಗೆ ಅನ್ನುವ ಪಟ್ಟಿಯೂ ಇದೆ. ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆಯದಿದ್ದರೆ ನಲ್ಲಿಯ ವಾಷರ್, ಸ್ವಿಚ್ಚಿನ ರಿಪೇರಿ ಬಾಡಿಗೆಯವರದ್ದು. ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಪೇಂಟು ಓನರ್ ಪಾಲಿಗೆ. ಆದರೆ ಅದು ಮಾದರಿ ಅಷ್ಟೇ. ರಾಜ್ಯಗಳು ಅದನ್ನು ನೋಡಿ ತಾವೇ ಕಾನೂನು ಮಾಡಿಕೊಳ್ಳಬೇಕು. ನಮ್ಮಲ್ಲಿ ಇರೋದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದೇ ಇಲ್ಲ. 3,500ಕ್ಕೆ ಈ ಊರಲ್ಲಿ ಇವತ್ತು ಯಾವ ಸಂಸಾರಕ್ಕೆ ಮನೆ ಸಿಗುತ್ತದೆ ಹೇಳಿ? ಹಾಗಾಗಿ ನಮಗೆಲ್ಲ ಉಳಿಯೋದು ಆ 11 ತಿಂಗಳ ಅಗ್ರಿಮೆಂಟ್ ಒಂದೇ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ 11. ಅದರಲ್ಲಿ ಏನು ಬರೆದಿರುತ್ತಾರೋ ಅದೇ ಕಾನೂನು. ಬರೆಸುವವರು ಓನರ್, ಸಹಿ ಹಾಕುವವರು ನಾವು.

ಓನರ್ ಆಗಿರುವ ಗೆಳೆಯರು ಏನು ಹೇಳುತ್ತಾರೆ ಅಂತ ಗೊತ್ತು. ಹಿಂದಿನ ಬಾಡಿಗೆಯವರು ಗೋಡೆಯನ್ನು ಜರಡಿ ಮಾಡಿ ಹೋದರು, ಒಳಗಿನ ವೈರಿಗೆ ಡ್ರಿಲ್ ಬಿಟ್ಟರು, ಪೈಪ್ ಒಡೆದರು. ನಿಜ, ಅಂಥವರೂ ಇದ್ದಾರೆ. ಆದರೆ ಇದಕ್ಕೆ ದಾರಿ ಇಲ್ಲವೇ? ಗೋಡೆ ಒಳಗಿನ ವೈರು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಹೋಗಿರುತ್ತದೆ. ನೀರಿನ ಪೈಪ್ ನಲ್ಲಿ ಇರುವ ಕಡೆ. ಮನೆ ಕಟ್ಟಿಸಿದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. "ಈ ಗೋಡೆ ಬೇಡ, ಆ ಗೋಡೆಗೆ ಹೊಡ್ಕೊಳ್ಳಿ" ಅಂದರೆ ಮುಗೀತು. ಬಿಟ್ಟು ಹೋಗುವಾಗ ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಉಜ್ಜಿ, ಅದೇ ಬಣ್ಣ ಒಂದು ಕೈ ಹೊಡೆದರೆ ಗೊತ್ತೇ ಆಗುವುದಿಲ್ಲ. ಆ ಬಣ್ಣದ ಉಳಿದ ಡಬ್ಬ ನಮ್ಮ ಓನರ್ ಮನೆಯ ಮೆಟ್ಟಿಲ ಕೆಳಗೇ ಇದೆ, ನಾನೇ ನೋಡಿದ್ದೇನೆ.

ಅಮ್ಮ ಮೊನ್ನೆ ತೀರ್ಥಹಳ್ಳಿಯಿಂದ ಬಂದಿದ್ದಾರೆ. ಬಂದ ಸಂಜೆಯೇ ದೀಪ ಹಚ್ಚಿ ಅಪ್ಪನ ಫೋಟೋ ಹುಡುಕಿದರು. ಡಬ್ಬದಿಂದ ತೆಗೆದು ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ ಒರಗಿಸಿಟ್ಟಿದ್ದೆ. ನಿಲ್ಲೋದು ಅಲ್ಲೇ ಆಗಿತ್ತು. ಅಮ್ಮ ಕೆಳಗೆ ಕೂತು, ಸೆರಗಿನಿಂದ ಗಾಜು ಒರೆಸಿ, "ಅಪ್ಪನ್ನ ನೆಲಕ್ಕೇ ಕೂರಿಸಿದ್ದೀಯಲ್ಲೇ ಮಾರಾಯ್ತಿ" ಅಂದರು. ಬೈಯುವ ದನಿಯಲ್ಲಿ ಅಲ್ಲ, ಸುಮ್ನೆ ಅಂದರು. ನನಗೆ ಅಳು ಬಂತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಎಂಟು ಇಂಚಿನ ಫೋಟೋ ಅದು. ಒಂದು ಮೊಳೆ ಸಾಕು.

ಊರಿನ ನಮ್ಮ ಮನೆಯಲ್ಲಿ ಜಗುಲಿಯ ಗೋಡೆಗೆ ಕಟ್ಟುವಾಗಲೇ ಮರದ ಗೂಟಗಳನ್ನು ಹುಗಿದಿದ್ದರು. ಕೊಡೆ, ಕಂಬಳಿ, ಬಂದವರ ಅಂಗಿ ಎಲ್ಲ ಅದಕ್ಕೇ. ದೀಪ ಇಡಲು ಗೋಡೆಯಲ್ಲೇ ಗೂಡು. ತೊಟ್ಟಿಲು ಕಟ್ಟಲು ತೊಲೆಯಲ್ಲಿ ಕಬ್ಬಿಣದ ಕೊಂಡಿ. ಮನೆ ಅಂದ ಮೇಲೆ ಅಲ್ಲಿ ಜನ ಇರುತ್ತಾರೆ, ಅವರಿಗೆ ಏನೇನೋ ನೇತು ಹಾಕುವುದಿರುತ್ತದೆ ಅಂತ ಆ ಗಾರೆಯವನಿಗೂ ಬಡಗಿಗೂ ಗೊತ್ತಿತ್ತು. ಈಗ ಬಾಡಿಗೆಗೆ ಅಂತಲೇ ಮೂರು ಮಹಡಿ ಕಟ್ಟಿಸುವವರು ಒಂದು ಹುಕ್ ಬಿಡುವುದಿಲ್ಲ. ಅದನ್ನಾದರೂ ಮಾಡಿ ಅಂತ ಕೇಳುತ್ತಿದ್ದೇನೆ. ಪೇಂಟ್ ಹೊಡೆಸುವ ಮೊದಲು, ನಿಮಗೆ ಬೇಕಾದ ಕಡೆಯೇ ಡ್ರಿಲ್ ಮಾಡಿಸಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ರೂಮಿಗೆ ನಾಲ್ಕು ಸ್ಕ್ರೂ ಹಾಕಿಸಿಬಿಡಿ. ಮುಂಬಾಗಿಲ ಚೌಕಟ್ಟಿಗೆ ಎರಡು ಹಾಕಿಸಿ, ಯುಗಾದಿಗೆ ತೋರಣ ಕಟ್ಟಿಕೊಳ್ಳುತ್ತೇವೆ. ನಿಮ್ಮ ಗೋಡೆಯೂ ಉಳಿಯುತ್ತದೆ, ನಮ್ಮ ಸಂಸಾರವೂ ಡಬ್ಬದಿಂದ ಹೊರಗೆ ಬರುತ್ತದೆ.

ಇವರು "ಹೋಗ್ಲಿ ಬಿಡು, ಮನೆ ಸಿಕ್ಕಿದ್ದೇ ಹೆಚ್ಚು" ಅನ್ನುತ್ತಿದ್ದಾರೆ. ನಾನು ಬಿಡುವುದಿಲ್ಲ. ಸಂಜೆ ಕೆಳಗೆ ಹೋಗಿ ಓನರ್ ಹತ್ತಿರ ಕೂತು ಮಾತಾಡುತ್ತೇನೆ. ಸದ್ಯಕ್ಕೆ ಕೇಳೋದು ಅಪ್ಪನ ಫೋಟೋಗೆ ಒಂದು, ಕ್ಯಾಲೆಂಡರಿಗೆ ಒಂದು, ಮಗಳ ಸೊಳ್ಳೆ ಪರದೆಗೆ ನಾಲ್ಕು. ಎಲ್ಲಿ ಹೊಡೆಯಬೇಕು ಅಂತ ಅವರೇ ಪೆನ್ಸಿಲ್ಲಿನಲ್ಲಿ ಗುರುತು ಮಾಡಲಿ. ಬಿಡುವಾಗ ತೂತು ಮುಚ್ಚಿಸಿ ಕೊಡುವ ಖರ್ಚು ನಮ್ಮದು, ಅದಕ್ಕೆ ಪ್ರತಿಯಾಗಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ಸಾಲು ತೆಗೆಯಬೇಕು. ಇವತ್ತೇ ಒಪ್ಪಿದರೆ ಸಂತೋಷ. ಇಲ್ಲದಿದ್ದರೆ ಮುಂದಿನ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಈ ಮಾತು ಮತ್ತೆ ಎತ್ತುತ್ತೇನೆ. ನಿಮ್ಮಲ್ಲಿ ಯಾರಾದರೂ ಇಂಥ ಸಾಲು ಬರೆಸಿಕೊಂಡಿದ್ದರೆ ದಯವಿಟ್ಟು ಅದರ ಒಕ್ಕಣೆ ನನಗೆ ಕಳಿಸಿ.